‘ಅಪಾಯ ಶೇ 36ರಷ್ಟು ಇಳಿಕೆ’ ಎಂದರೆ ನೂರಕ್ಕೆ 36 ಜನ ಪಾರಾದರು ಎಂದೇ?

ಪ್ರಶ್ನೆ: ಕೊಲೆಸ್ಟ್ರಾಲ್ ಮಾತ್ರೆಯಿಂದ ಹೃದಯಾಘಾತದ ಅಪಾಯ ಶೇ 36ರಷ್ಟು ತಗ್ಗುತ್ತದೆ ಎಂದು ಓದಿದೆ. ಹಾಗಾದರೆ ನೂರು ಜನ ಈ ಮಾತ್ರೆ ನುಂಗಿದರೆ 36 ಜನ ಹೃದಯಾಘಾತದಿಂದ ಪಾರಾಗುತ್ತಾರೆಯೇ?

ಉತ್ತರ: ಇಲ್ಲ. ಆ ಸಂಖ್ಯೆ ಹುಟ್ಟಿದ ಅಧ್ಯಯನದಲ್ಲಿ ನೂರಕ್ಕೆ ಪಾರಾದವರು ಹೆಚ್ಚುಕಡಿಮೆ ಒಬ್ಬರು. ಹಾಗೆಂದು ಶೇ 36 ಸುಳ್ಳೂ ಅಲ್ಲ. ಯಾವುದರಲ್ಲಿ ಶೇ 36 ಎಂಬುದನ್ನು ಸುದ್ದಿಯ ತಲೆಬರಹ ನುಂಗಿಬಿಡುತ್ತದೆ, ಅಷ್ಟೆ.

ಲೆಕ್ಕವನ್ನೇ ಬಿಡಿಸಿ ನೋಡೋಣ. ಆ್ಯಸ್ಕಾಟ್ ಎಂಬ ಅಧ್ಯಯನದ ಈ ಭಾಗ 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದೊತ್ತಡವಿದ್ದು ಕೊಲೆಸ್ಟ್ರಾಲ್ ತೀರಾ ಏರಿರದ 10,305 ಜನರನ್ನು ಚೀಟಿ ಎತ್ತುವ ಬಗೆಯಲ್ಲಿ ಎರಡು ಗುಂಪು ಮಾಡಿದರು. 5,168 ಜನರಿಗೆ ದಿನಕ್ಕೆ 10 ಮಿ.ಗ್ರಾಂ ಅಟೊರ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ, 5,137 ಜನರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಸುಮಾರು 3.3 ವರ್ಷಗಳಲ್ಲಿ ಹೃದಯಾಘಾತವಾದವರು ಅಥವಾ ಹೃದಯದ ರಕ್ತನಾಳದ ಕಾಯಿಲೆಯಿಂದ ತೀರಿಕೊಂಡವರು ಔಷಧಿ ಗುಂಪಿನಲ್ಲಿ 100, ಹುಸಿ ಮಾತ್ರೆಯ ಗುಂಪಿನಲ್ಲಿ 154.

ಈಗ ಭಾಗಿಸಿ: 154 ÷ 5,137 ಎಂದರೆ ಶೇ 3.00. 100 ÷ 5,168 ಎಂದರೆ ಶೇ 1.94. ಮೂರು ಇದ್ದದ್ದು ಎರಡರ ಹತ್ತಿರಕ್ಕೆ ಇಳಿದರೆ, ಮೂರರ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಹೋದಂತಾಯಿತು. ಶೇ 36 ಬಂದದ್ದು ಅಲ್ಲಿಂದ. (ನೇರ ಭಾಗಾಕಾರದಲ್ಲಿ 35.5 ಸಿಗುತ್ತದೆ. ಯಾರಿಗೆ ಯಾವಾಗ ಆಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ ವರದಿಯಲ್ಲಿ 36 ಇದೆ.) ಇದು ಸಾಪೇಕ್ಷ ಇಳಿಕೆ. ಒಂದರಿಂದ ಇನ್ನೊಂದನ್ನು ಕಳೆದರೆ ಸಿಗುವ ಶೇ 1.06 ನಿರಪೇಕ್ಷ ಇಳಿಕೆ. ನಿಮ್ಮ ಪ್ರಶ್ನೆಗೆ ಬೇಕಾದ ಸಂಖ್ಯೆ ಈ ಎರಡನೆಯದು.

ನೂರನ್ನು 1.06ರಿಂದ ಭಾಗಿಸಿದರೆ 94. ಒಬ್ಬರನ್ನು ಉಳಿಸಲು ಎಷ್ಟು ಜನ ಔಷಧಿ ತೆಗೆದುಕೊಳ್ಳಬೇಕು ಎಂಬುದರ ಲೆಕ್ಕ ಇದು. ವೈದ್ಯರು ಎನ್‌ಎನ್‌ಟಿ ಎನ್ನುತ್ತಾರೆ. ಆ 94 ಜನರನ್ನು ಕಣ್ಣೆದುರು ತಂದುಕೊಳ್ಳಿ. ಸುಮಾರು 91 ಜನರಿಗೆ ಮಾತ್ರೆ ಇಲ್ಲದಿದ್ದರೂ ಆ ಅವಧಿಯಲ್ಲಿ ಏನೂ ಆಗುತ್ತಿರಲಿಲ್ಲ. ಹೆಚ್ಚುಕಡಿಮೆ ಇಬ್ಬರಿಗೆ ಮಾತ್ರೆ ತೆಗೆದುಕೊಂಡರೂ ಹೃದಯಾಘಾತ ಆಗಿಯೇ ಆಗುತ್ತದೆ. ಉಳಿಯುವ ಒಬ್ಬರು ಯಾರು ಎಂದು ಮೊದಲೇ ಬೆರಳು ಮಾಡಿ ತೋರಿಸಲು ಯಾವ ವೈದ್ಯರಿಂದಲೂ ಆಗದು. 94 ಜನರಿಗೆ ಕೊಡುವುದು ಅದಕ್ಕೇ.

‘ಬರೀ ಒಬ್ಬರೇ?’ ಎಂದು ಮಾತ್ರೆ ಬಿಟ್ಟುಬಿಡುವ ಆತುರ ಬೇಡ. ಇದು ಆ ಗುಂಪಿನ ಸಂಖ್ಯೆ, ನಿಮ್ಮದಲ್ಲ. ಶೇಕಡಾವಾರು ಇಳಿಕೆ ಬೇರೆ ಬೇರೆ ಜನರಲ್ಲಿ ಸುಮಾರಾಗಿ ಅಷ್ಟೇ ಇರುವುದು ಸಾಮಾನ್ಯ. ಬದಲಾಗುವುದು ಮೊದಲೇ ಇರುವ ಅಪಾಯ. ಒಬ್ಬರಿಗೆ ಶೇ 20ರಷ್ಟು ಅಪಾಯವಿದ್ದರೆ ಅದೇ ಶೇ 36ರ ಇಳಿಕೆಯಿಂದ ಅದು 12.8ಕ್ಕೆ ಬರುತ್ತದೆ. ಅಂಥವರು ನೂರು ಜನರಿದ್ದರೆ ಏಳು ಮಂದಿ ಪಾರು, ಎನ್‌ಎನ್‌ಟಿ ಕೇವಲ 14. ಅಪಾಯ ಶೇ 1 ಮಾತ್ರ ಇರುವವರಲ್ಲಿ ಎನ್‌ಎನ್‌ಟಿ 278ಕ್ಕೆ ಏರುತ್ತದೆ. ಹಾಗಾಗಿ ವೈದ್ಯರನ್ನು ಕೇಳಬೇಕಾದ ಮೊದಲ ಮಾತು: ‘ಮಾತ್ರೆ ಇಲ್ಲದಿದ್ದರೆ ಮುಂದಿನ ಹತ್ತು ವರ್ಷದಲ್ಲಿ ನನಗೆ ಅಪಾಯ ಎಷ್ಟು?’

ಕಾಲಾವಧಿ ಹೇಳದ ಎನ್‌ಎನ್‌ಟಿಯನ್ನು ನಂಬಬೇಡಿ. 94 ಎಂಬುದು 3.3 ವರ್ಷದ ಲೆಕ್ಕ. ಹತ್ತು ವರ್ಷಕ್ಕೆ ಅದು ಬೇರೆಯೇ ಆಗುತ್ತದೆ.

36 ಎಂಬುದೂ ಕಲ್ಲಿನಲ್ಲಿ ಕೊರೆದ ಸಂಖ್ಯೆಯಲ್ಲ. ವರದಿಯಲ್ಲಿ ಅದರ ಪಕ್ಕದಲ್ಲೇ 0.50ರಿಂದ 0.83 ಎಂಬ ಶೇ 95ರ ವಿಶ್ವಾಸಾಂತರ, ಅಂದರೆ ನಿಜವಾದ ಸಂಖ್ಯೆ ಇರಬಹುದಾದ ವ್ಯಾಪ್ತಿ, ಇದೆ. ಹುಸಿ ಮಾತ್ರೆಯವರ ಅಪಾಯವನ್ನು 1 ಎಂದಿಟ್ಟುಕೊಂಡರೆ ಔಷಧಿಯವರದು ಎಷ್ಟು ಎಂಬ ಲೆಕ್ಕ ಇದು. ಅದರ ಪ್ರಕಾರ ಇಳಿಕೆ ಶೇ 17ರಷ್ಟು ಸಣ್ಣದೂ ಇರಬಹುದು, ಶೇ 50ರಷ್ಟು ದೊಡ್ಡದೂ ಇರಬಹುದು; ಸಾವಿರ ಜನರಲ್ಲಿ ಪಾರಾಗುವವರು ಐದರಿಂದ ಹದಿನೈದು. ಜೊತೆಗಿರುವ ಪಿ ಮೌಲ್ಯ 0.0005. ಔಷಧಿಗೆ ಯಾವ ಗುಣವೂ ಇಲ್ಲವೆಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಹತ್ತು ಸಾವಿರಕ್ಕೆ ಐದು ಎಂದು ಅದರ ಅರ್ಥ. ಲಾಭ ದೊಡ್ಡದೋ ಚಿಕ್ಕದೋ ಎಂಬುದನ್ನು ಅದು ಹೇಳುವುದಿಲ್ಲ. ಹೆಸರಾಂತ ಪತ್ರಿಕೆಗಳಲ್ಲೂ ಪಿ ಮೌಲ್ಯವನ್ನೂ ಲಾಭದ ಗಾತ್ರವನ್ನೂ ಕಲಸಿಬಿಡುತ್ತಾರೆ.

ಯಾವುದನ್ನು ಎಣಿಸಿದ್ದಾರೆ ಎಂಬುದನ್ನೂ ನೋಡಬೇಕು. ಇದೇ ಅಧ್ಯಯನದಲ್ಲಿ ಎಲ್ಲ ಕಾರಣಗಳ ಸಾವುಗಳನ್ನು ಕೂಡಿಸಿದಾಗ ಇಳಿಕೆ ಶೇ 13, ವಿಶ್ವಾಸಾಂತರ 0.71ರಿಂದ 1.06. ‘ವ್ಯತ್ಯಾಸವೇ ಇಲ್ಲ’ ಎಂದು ಸೂಚಿಸುವ 1 ಅದರೊಳಗೇ ಬಿದ್ದಿರುವುದರಿಂದ, ಒಟ್ಟು ಸಾವು ತಗ್ಗಿತು ಎಂದು ಈ ಅಧ್ಯಯನದ ಬಲದ ಮೇಲೆ ಹೇಳುವಂತಿಲ್ಲ. ಐದು ವರ್ಷ ನಡೆಸಬೇಕೆಂದಿದ್ದುದನ್ನು ಲಾಭ ಸ್ಪಷ್ಟವಾಯಿತೆಂದು 3.3 ವರ್ಷಕ್ಕೇ ನಿಲ್ಲಿಸಿದ್ದೂ ಗಮನದಲ್ಲಿರಲಿ. ಹೀಗೆ ಬೇಗ ನಿಲ್ಲಿಸಿದ ಅಧ್ಯಯನಗಳಲ್ಲಿ ಲಾಭ ಸರಾಸರಿಯಾಗಿ ತುಸು ಉಬ್ಬಿ ಕಾಣುತ್ತದೆ.

ಅತ್ಯಂತ ಹಾನಿ ಮಾಡುವುದು ಲಾಭವನ್ನು ಸಾಪೇಕ್ಷವಾಗಿಯೂ ಅಡ್ಡಪರಿಣಾಮವನ್ನು ನಿರಪೇಕ್ಷವಾಗಿಯೂ ಹೇಳುವ ಪದ್ಧತಿ: ‘ಹೃದಯಾಘಾತ ಶೇ 36 ಇಳಿಕೆ, ಅಡ್ಡಪರಿಣಾಮ ಸಾವಿರಕ್ಕೆ ಐವರಿಗೆ ಮಾತ್ರ’ ಎಂಬ ಧಾಟಿ. ಎರಡನ್ನೂ ‘ಸಾವಿರಕ್ಕೆ ಇಷ್ಟು’ ಎಂದು ಒಂದೇ ಅಳತೆಗೆ ತಂದುಕೊಳ್ಳದೆ ತೂಗಲು ಹೋಗಬೇಡಿ.

ಹೆದರಿಸುವ ಸುದ್ದಿಗೂ ಇದೇ ಲೆಕ್ಕ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಮೂರನೇ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಹಳೆಯ ಮಾತ್ರೆಗಳಲ್ಲಿ 7,000 ಮಹಿಳೆಯರಿಗೆ ಸುಮಾರು ಒಬ್ಬರಿಗೆ ಆಗುತ್ತಿದ್ದುದು ಇಬ್ಬರಿಗೆ ಆಗುತ್ತದೆ ಎಂದು ಅದರ ಅರ್ಥ. ‘ಎರಡು ಪಟ್ಟು’ ಮಾತ್ರ ಮನೆಮನೆ ತಲುಪಿತು. ಬೆದರಿ ಎಷ್ಟೋ ಮಹಿಳೆಯರು ಮಾತ್ರೆಯನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯವಂತೂ ಆ ಮಾತ್ರೆಯದಕ್ಕಿಂತ ಹೆಚ್ಚು.