ರೈಫಲ್ ಸ್ಕೋಪಿನ ಎಲಿವೇಶನ್ ನಾಬ್ (ಗುಂಡು ಬೀಳೋ ಜಾಗನ ಮೇಲೆ ಕೆಳಗೆ ಮಾಡೋದು) ಕೊನೆ ಮುಟ್ಟಿದ್ರೂ ಗುಂಡು ಕೆಳಗೇ ಬೀಳ್ತಿದೆ, ಸ್ಕೋಪ್ ಹೋಯ್ತಾ?

ಈ ಪ್ರಶ್ನೆ ಕೇಳೋರಲ್ಲಿ ಅರ್ಧ ಜನ ಆಗ್ಲೇ ಹೊಸ ಸ್ಕೋಪ್ ನೋಡೋಕೆ ಶುರು ಮಾಡಿರ್ತಾರೆ. ಸ್ವಲ್ಪ ತಡೀರಿ. ಸ್ಕೋಪೇ ಕೆಟ್ಟಿರೋದು ಕಮ್ಮಿ. ಸ್ಕೋಪ್ ಒಂದು ಕಡೆ ನೋಡ್ತಿರುತ್ತೆ, ಬ್ಯಾರಲ್ ಅದಕ್ಕಿಂತ ಸ್ವಲ್ಪ ಕೆಳಗೆ ನೋಡ್ತಿರುತ್ತೆ, ಆ ವ್ಯತ್ಯಾಸನೆಲ್ಲ ಒಂದು ನಾಬ್ ಕೈಲೇ ಸರಿ ಮಾಡಿಸೋಕೆ ಹೋದ್ರೆ ಅದಾದ್ರೂ ಎಲ್ಲಿಂದ ತರುತ್ತೆ.

ಮೊದಲು ರೈಫಲ್ ಖಾಲಿ ಇದ್ಯಾ ಅಂತ ಎರಡು ಸಲ ನೋಡಿ, ಆಮೇಲೆ ಸ್ಕೋಪ್ ಬಿಚ್ಚಿ. ಬೇಸ್ (ರೈಫಲ್ ಮೇಲೆ ಸ್ಕೋಪ್ ಕೂರಿಸೋ ಪಟ್ಟಿ) ಕೆಳಗೆ ಕಸ, ಗ್ರೀಸ್, ಸಡಿಲ ಸ್ಕ್ರೂ ಇದ್ಯಾ ನೋಡಿ. ಎರಡು ತುಂಡಿನ ಬೇಸ್ ಆದ್ರೆ ಹಿಂದಿಂದು ಮುಂದಕ್ಕೆ ಹೋಗಿದ್ಯಾ ಅನ್ನೋದನ್ನೂ ನೋಡಿ, ಸುಮಾರು ರೈಫಲ್‌ಗಳಲ್ಲಿ ಅವೆರಡರ ಎತ್ತರ ಬೇರೆ ಬೇರೆ. ಬ್ಯಾರಲ್ ಮಡಚಿ ಲೋಡ್ ಮಾಡೋ ಏರ್‌ಗನ್ ಇದ್ರಂತೂ ಬ್ಯಾರಲ್ ಒಂಚೂರು ಕೆಳಗೆ ಬಾಗಿರೋದು ಮಾಮೂಲು.

ಈಗ ನಾಬ್‌ನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ತಿರುಗಿಸ್ತಾ ಕ್ಲಿಕ್ ಎಣಿಸಿ, ಅರ್ಧಕ್ಕೆ ವಾಪಸ್ ಬನ್ನಿ. ಮತ್ತೆ ಕೂರಿಸಿ 25 ಮೀಟರಿಗೆ ಹೊಡೆದು ನೋಡಿ. ಆಗ್ಲೂ ತುಂಬಾ ಕೆಳಗಿದ್ರೆ ಕೋನದ ತೊಂದರೆನೇ, ಶಿಮ್ ಬೇಕು, ಅಂದ್ರೆ ಎತ್ತರಿಸೋಕೆ ಕೆಳಗೆ ಇಡೋ ತೆಳ್ಳನೆ ತಗಡು.

ಶಿಮ್ ಹಾಕೋದು ಹಿಂದಿನ ಕಡೆ. ಗುಂಡು ಮೇಲೆ ಬರ್ಬೇಕಲ್ಲ ಅಂತ ಸುಮಾರು ಜನ ಮುಂದಿನ ಕಡೆ ಎತ್ತಿಬಿಡ್ತಾರೆ, ಆಗ ಇನ್ನೂ ಕೆಳಗೆ ಹೋಗುತ್ತೆ. ಹಿಂದೆ ಎತ್ತಿದ್ರೆ ಸ್ಕೋಪಿನ ಮೂತಿ ಕೆಳಗಾಗುತ್ತೆ, ಅದನ್ನ ಟಾರ್ಗೆಟ್‌ಗೆ ತರೋಕೆ ನೀವು ಇಡೀ ರೈಫಲ್ಲೇ ಮೇಲೆತ್ತಬೇಕು, ಜೊತೆಗೆ ಬ್ಯಾರಲ್ಲೂ ಏಳುತ್ತೆ. ಸ್ಕೋಪನ್ನ ಹಿಡಿಯೋ ಎರಡು ರಿಂಗ್ ನಡುವೆ 100 ಮಿಲಿಮೀಟರ್ ಇದ್ರೆ 0.1 ಮಿಲಿಮೀಟರ್ ಶಿಮ್‌ಗೆ 100 ಮೀಟರಲ್ಲಿ ಸುಮಾರು 10 ಸೆಂಟಿಮೀಟರ್ ಮೇಲೆ ಬರುತ್ತೆ, ಹಾಗಾಗಿ ದಪ್ಪ ತಗಡು ತುರುಕೋ ಅವಸರ ಬೇಡ. ರಿಂಗ್ ಒಳಗೆ ದಪ್ಪ ಶಿಮ್ ಹಾಕಿ ಬಿಗಿದ್ರೆ ಟ್ಯೂಬ್ ಬಾಗುತ್ತೆ, ಹಾಕೋದಾದ್ರೆ ಬೇಸ್ ಕೆಳಗೆ ಹಾಕಿ. ನನ್ನ ಕೇಳಿದ್ರೆ, ವ್ಯತ್ಯಾಸ ಜಾಸ್ತಿ ಇದ್ರೆ ಶಿಮ್ ಆಟ ಬಿಟ್ಟು 20 ಎಂಒಎ ರೈಲ್ (ಅಷ್ಟು ಓರೆ ಇರೋ ಬೇಸ್, ಒಂದು ಎಂಒಎ ಅಂದ್ರೆ ಡಿಗ್ರಿಯ ಅರವತ್ತನೇ ಒಂದು ಭಾಗ) ತಗೊಳ್ಳಿ, ಅದೊಂದೇ 100 ಮೀಟರಲ್ಲಿ ಸುಮಾರು 58 ಸೆಂಟಿಮೀಟರ್ ಕೊಡುತ್ತೆ. ಏರ್‌ಗನ್‌ಗೆ ಅಡ್ಜಸ್ಟಬಲ್ ಮೌಂಟ್ ಸಿಗುತ್ತೆ.

ಇನ್ನೊಂದು ವಿಷ್ಯ, ನಾಬ್ ಪೂರ್ತಿ ಮೇಲಿಟ್ಟು ಹೇಗೋ ಅಡ್ಜಸ್ಟ್ ಮಾಡ್ಕೊಂಡವ್ರಿಗೆ ಜೀರೋ (ಗುರಿ ಇಟ್ಟಲ್ಲೇ ಗುಂಡು ಬೀಳೋ ಹೊಂದಾಣಿಕೆ) ಅಲುಗಾಡುತ್ತೆ, ಯಾಕಂದ್ರೆ ಆ ತುದಿಯಲ್ಲಿ ಒಳಗಿನ ಸ್ಪ್ರಿಂಗ್ ಹಿಡಿತ ಸಡಿಲ ಆಗಿರುತ್ತೆ.

ರಿಂಗ್ ಸ್ಕ್ರೂಗಳನ್ನ ಒಂದೊಂದನ್ನೇ ಪೂರ್ತಿ ಬಿಗೀಬೇಡಿ, ಅಡ್ಡಡ್ಡ ಸ್ವಲ್ಪ ಸ್ವಲ್ಪನೇ ಬಿಗೀರಿ. ಸಾಮಾನ್ಯವಾಗಿ 15ರಿಂದ 18 ಇಂಚ್ ಪೌಂಡ್ ಬಿಗಿತ ಸಾಕು, ಮೌಂಟ್ ಜೊತೆ ಬಂದ ಚೀಟೀಲಿ ಬೇರೆ ಬರೆದಿದ್ರೆ ಅದೇ ಫೈನಲ್. ಬಿಗಿಯೋ ಮುಂಚೆ ತೂಗುಗುಂಡಿನ ದಾರಕ್ಕೆ ಕ್ರಾಸ್‌ಹೇರ್ (ಸ್ಕೋಪ್ ಒಳಗೆ ಕಾಣೋ ಗುರಿ ಗೆರೆ) ನೇರ ಇದ್ಯಾ ನೋಡಿ, ಓರೆ ಇದ್ರೆ ಎಲಿವೇಶನ್ ತಿರುಗಿಸಿದಷ್ಟೂ ಗುಂಡು ಪಕ್ಕಕ್ಕೂ ಹೋಗುತ್ತೆ.

ಇಷ್ಟಾದ್ಮೇಲೆ 0.1 ಮಿಲ್ ಸ್ಕೋಪಲ್ಲಿ (ಒಂದು ಕ್ಲಿಕ್ಕಿಗೆ 100 ಮೀಟರಲ್ಲಿ 1 ಸೆಂಟಿಮೀಟರ್ ಸರಿಯೋದು) 10 ಕ್ಲಿಕ್ ತಿರುಗಿಸಿದ್ರೆ 100 ಮೀಟರಲ್ಲಿ 10 ಸೆಂಟಿಮೀಟರ್ ಹತ್ರ ಬದಲಾಗ್ಬೇಕು, ಆಗ್ಲಿಲ್ಲ ಅಂದ್ರೆ ಆಗ ಸ್ಕೋಪ್ ಮೇಲೆ ಅನುಮಾನ ಪಡಿ.