ಜೀರಿಗೆ ನೀರು ಸರಿ, ಆದ್ರೆ ಗಟಗಟ ಯಾಕ್ರೀ?

ತಿಂಗಳ ಹಿಂದೆ ಒಂದು ಶನಿವಾರ ಮುಂಬೈ ಹತ್ರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬಂದ ಒಬ್ರು ಹೆಂಗಸರು, ಮುಂಬೈಯ ಫೋರ್ಟಲ್ಲಿ ಬ್ಯಾಂಕ್ ಕೆಲ್ಸ, ಕೂತ್ಕೊಳ್ಳೋ ಮುಂಚೆನೇ ಬ್ಯಾಗಿಂದ ಒಂದು ಲೀಟರಿನ ಸ್ಟೀಲ್ ಬಾಟ್ಲಿ ತೆಗೆದು ನನ್ನ ಟೇಬಲ್ ಮೇಲಿಟ್ರು. ಒಳಗೆ ಜೀರಿಗೆ, ಓಂಕಾಳು, ಬಡೆಸೋಪು, ಶುಂಠಿ, ಪುದೀನ, ಸೌತೆಕಾಯಿ, ನಿಂಬೆಹಣ್ಣು, ಕಾಲಾ ನಮಕ್, ಮೇಲೆ ತೇಲೋದಕ್ಕೆ ಸಬ್ಜಾ ಬೀಜ. ಒಗ್ಗರಣೆ ಒಂದು ಬಾಕಿ ಇತ್ತು. "ಎಲ್ಲಾ ಹಾಕಿದೀನಿ ಮೇಡಂ, ಆದ್ರೂ ಹೊಟ್ಟೆ ಉಬ್ಬರ ಹೋಗ್ತಿಲ್ಲ, ಇನ್ನೇನು ಹಾಕ್ಲಿ?" ಅಂದ್ರು.

ಯಾವಾಗ ಕುಡೀತೀರಿ ಅಂದೆ. ಬೆಳಿಗ್ಗೆ ಎದ್ದ ತಕ್ಷಣ. ಎಷ್ಟು? ಪೂರ್ತಿ ಬಾಟ್ಲಿ. ಎಷ್ಟೊತ್ತಲ್ಲಿ? "ಎಷ್ಟೊತ್ತು ಅಂದ್ರೆ... ನಿಂತ್ಕೊಂಡು ಗಟಗಟ ಅಂತ, ಎರಡು ನಿಮಿಷ." ಆಮೇಲೆ? "ಆಮೇಲೆ ಟ್ರೈನ್ ಹತ್ತೋ ಮುಂಚೆ ಎರಡ್ಸಲ ಬಾತ್‌ರೂಮಿಗೆ ಹೋಗ್ಬಿಡ್ತೀನಿ." ಅದಾದ್ಮೇಲೆ ನೀರು? "ರಾತ್ರಿ ಮನೆಗೆ ಬಂದ್ಮೇಲೆ ಮೇಡಂ, ನಡುವೆ ಹೇಗಾಗತ್ತೆ?"

ಬಾಟ್ಲಿಲಿ ಏನಿದೆ ಅಂತ ನಾನು ಮತ್ತೆ ನೋಡ್ಲೇ ಇಲ್ಲ.

ಒಂದು ಸ್ಪಷ್ಟನೆ ಮೊದ್ಲೇ ಹೇಳಿಬಿಡ್ತೀನಿ, ನಾನು ಡಾಕ್ಟ್ರಲ್ಲ, ಡಯಟಿಷಿಯನ್ನು, ಜನ ಡಾಕ್ಟ್ರೇ ಅಂತಾರೆ, ನಾನು ತಿದ್ದಿ ತಿದ್ದಿ ಸುಸ್ತಾಗಿದೀನಿ. ಔಷಧಿ ನಾನು ಬರ್ಯಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಹೊಟ್ಟೆ ಉಬ್ಬರ ಅಂತ ಬಂದವ್ರಲ್ಲಿ ಹೆಚ್ಚಿನವ್ರು ಕೇಳೋದು ಒಂದೇ ಪ್ರಶ್ನೆ, "ಏನು ಹಾಕ್ಲಿ?" ಯಾವಾಗ, ಎಷ್ಟು, ಹೇಗೆ ಕುಡೀಲಿ ಅಂತ ಯಾರೂ ಕೇಳಲ್ಲ, ಕೇಳಿದ್ರೆ ನನ್ನ ಅರ್ಧ ಕೆಲ್ಸ ಮುಗೀತಿತ್ತು.

ರೆಸಿಪಿ ಬೇಕಾ, ತಗೊಳ್ಳಿ. ಒಂದು ಲೀಟರ್ ನೀರಿಗೆ ಒಂದು ಚಮಚ ಜೀರಿಗೆ, ಮುಚ್ಚಳ ಮುಚ್ಚಿ ಐದು ನಿಮಿಷ ಕುದಿಸಿ, ಆರಿದ್ಮೇಲೆ ಸೋಸಿ. ಎದೆಯುರಿ ಇಲ್ದಿದ್ರೆ ಕುಡಿಯೋವಾಗ ಗ್ಲಾಸಿಗೆ ನಾಕು ಹನಿ ನಿಂಬೆ ಹಿಂಡಿ. ಜೀರಿಗೆ ಇಷ್ಟ ಇಲ್ವಾ, ಬಡೆಸೋಪು ಹಾಕಿ, ಇಲ್ಲ ಒಂದಿಂಚು ಶುಂಠಿ ಜಜ್ಜಿ ಹಾಕಿ. ಪುದೀನ ಒಳ್ಳೇದೇ, ಕರುಳಿನ ಸ್ನಾಯು ಸ್ವಲ್ಪ ಸಡಿಲ ಮಾಡತ್ತೆ, ಆದ್ರೆ ಹುಳಿತೇಗು ಇರೋರಿಗೆ ಅದೇ ಸಡಿಲ ಅನ್ನನಾಳದ ಬಾಗಿಲಲ್ಲೂ ಆಗಿ ಉರಿ ಜಾಸ್ತಿ ಆಗಬಹುದು. ಒಂದು ಹಾಕಿದ್ರೆ ಸಾಕು, ಎಲ್ಲಾ ಒಟ್ಟಿಗೆ ಹಾಕಿದ್ರೆ ಯಾವುದು ನಿಮಗೆ ಒಗ್ಗತ್ತೆ ಯಾವುದು ಒಗ್ಗಲ್ಲ ಅಂತ ನಿಮಗೂ ಗೊತ್ತಾಗಲ್ಲ ನನಗೂ ಗೊತ್ತಾಗಲ್ಲ. ಅಷ್ಟೇ ರೆಸಿಪಿ. ಆ ದಿನ ಮಾಡಿದ್ದು ಆ ದಿನವೇ ಮುಗಿಸಿ.

ಈಗ ನನ್ನ ತಲೆನೋವಿನ ವಿಷ್ಯಕ್ಕೆ ಬರ್ತೀನಿ, ನಿಧಾನಕ್ಕೆ ಓದಿ.

ನೀವು ಒಂದು ಲೀಟರ್ ನೀರನ್ನ ಒಂದೇ ಉಸಿರಲ್ಲಿ ಹೊಟ್ಟೆಗೆ ಸುರ್ಕೊಂಡ್ರೆ ಎರಡು ಸಂಗತಿ ಆಗತ್ತೆ. ಮೊದಲ್ನೇದು, ನೀರಿನ ಜೊತೆ ಗಾಳಿನೂ ನುಂಗ್ತೀರಿ, ಪ್ರತಿ ಗುಟುಕಿಗೂ ಸ್ವಲ್ಪ ಗಾಳಿ ಹೋಗತ್ತೆ, ಅವಸರಕ್ಕೆ ಕುಡಿದಷ್ಟೂ ಜಾಸ್ತಿ. ಅದ್ರಲ್ಲೂ ನಮ್ಮೋರಿಗೆ ಬಾಯಿಗೆ ತಾಗಿಸ್ದೆ ಎತ್ತಿ ಕುಡಿಯೋ ಅಭ್ಯಾಸ, ಎಂಜಲಾಗಬಾರ್ದು ಅಂತ. ನಮ್ಮಜ್ಜಿ ತಂಬಿಗೆ ಎತ್ತಿ ಕುಡೀತಿದ್ರೆ ಗಂಟಲಲ್ಲಿ ಗುಳುಗುಳು ಸದ್ದು ಜಗಲಿವರೆಗೆ ಕೇಳ್ತಿತ್ತು, ಆ ಸದ್ದೇನು ಬರೀ ನೀರಿಂದಾ? ಅಜ್ಜಿ ಊಟ ಆದ್ಮೇಲೆ ಢರ್ ಅಂತ ತೇಗಿ ಆ ಗಾಳಿನ ಹೊರಗೆ ಹಾಕ್ತಿದ್ರು, ನಾವು ಆಫೀಸಲ್ಲಿ ಮರ್ಯಾದೆಗೆ ತಡ್ಕೊಂಡು ಕೂರ್ತೀವಿ. ಮನೇಲಿ ನಿಮ್ದೇ ಲೋಟ ಇಟ್ಕೊಂಡು ತುಟಿಗಿಟ್ಟು ಕುಡೀರಿ, ಎಂಜಲು ನಿಮ್ದೇ ತಾನೇ. ಸ್ಟ್ರಾ ಹಾಕಿ ಕುಡಿದ್ರೂ ಗಾಳಿ ನುಂಗೋ ಕಥೆ ಇದೇ.

ಎರಡ್ನೇದು ಇನ್ನೂ ಮುಖ್ಯ. ಆ ಒಂದು ಲೀಟರ್ ನಿಮ್ಮ ಕರುಳಿಗೆ ಉಳಿಯೋದೇ ಇಲ್ಲ. ಖಾಲಿ ಹೊಟ್ಟೆಗೆ ಬರೀ ನೀರು ಬಿದ್ರೆ ಜಠರದಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ, ಬೇಗ ಸಣ್ಣಕರುಳಿಗೆ ಇಳೀತದೆ, ಅಲ್ಲಿಂದ ರಕ್ತಕ್ಕೆ, ರಕ್ತ ತೆಳ್ಳಗಾಯ್ತು ಅಂತ ಕಿಡ್ನಿ ಅದನ್ನ ಹೊರಗೆ ಹಾಕತ್ತೆ. ಆರೋಗ್ಯವಾಗಿರೋ ಕಿಡ್ನಿ ಜೋರು ಮಾಡಿದ್ರೆ ಗಂಟೆಗೆ ಸುಮಾರು 800 ಮಿಲಿಯಿಂದ 1 ಲೀಟರ್ ತನಕ ಹೊರಗೆ ಹಾಕಬಲ್ಲದು. ಅಂದ್ರೆ ಆ ಬ್ಯಾಂಕ್ ಮೇಡಂ ಟ್ರೈನ್ ಹತ್ತೋ ಮುಂಚೆ ಎರಡ್ಸಲ ಹೋಗಿಬಂದ್ರಲ್ಲ, ಜೀರಿಗೆ ನೀರಿನ ಬಹುಪಾಲು ಡೊಂಬಿವಲಿಯಲ್ಲೇ ಬಿಟ್ಟು ಹೊರಟ್ರು. ಆಮೇಲೆ ಹನ್ನೆರಡು ಗಂಟೆ ಒಣ.

ಈ ಒಣ ಹೊತ್ತಲ್ಲಿ ಏನಾಗತ್ತೆ ಕೇಳಿ. ದಿನಕ್ಕೆ ಹತ್ರಹತ್ರ 9 ಲೀಟರ್ ದ್ರವ ನಮ್ಮ ಸಣ್ಣಕರುಳಿಗೆ ಬರತ್ತೆ, ಅದ್ರಲ್ಲಿ ನಾವು ಕುಡಿದದ್ದು ತಿಂದದ್ದು 2 ಲೀಟರ್, ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತ, ಕರುಳಿನದೇ ರಸ. ದೊಡ್ಡಕರುಳಿಗೆ ತಲುಪೋದು ಒಂದೂವರೆ ಲೀಟರ್ ಇರಬಹುದು, ಕೊನೆಗೆ ಮಲದಲ್ಲಿ ಹೋಗೋದು 100-200 ಮಿಲಿ ಅಷ್ಟೆ. ಮೈಯಲ್ಲಿ ನೀರು ಕಮ್ಮಿ ಆದಾಗ ದೊಡ್ಡಕರುಳು ಇನ್ನಷ್ಟು ಹಿಂಡಿ ಇಟ್ಕೊಳ್ಳತ್ತೆ, ನಮ್ಮ ಅಮ್ಮಂದಿರು ಬಟ್ಟೆ ಹಿಂಡಿದ ಹಾಗೆ. ಮಲ ಗಟ್ಟಿಯಾಗಿ ನಿಂತ್ಕೊಳ್ಳತ್ತೆ, ಅದರ ಹಿಂದೆ ಬ್ಯಾಕ್ಟೀರಿಯಾಗಳು ಮಧ್ಯಾಹ್ನ ತಿಂದ ಕಾಳಿನ ಪಲ್ಯ ಉಸಳನ್ನ ಹುಳಿ ಬರ್ಸ್ತಾ ಗ್ಯಾಸ್ ಮಾಡ್ತಾ ಇರ್ತವೆ, ಮುಂದೆ ದಾರಿ ಬಂದ್. ಪೀಕ್ ಅವರಲ್ಲಿ ಡೊಂಬಿವಲಿ ಪ್ಲಾಟ್‌ಫಾರ್ಮ್ ನೋಡಿದೀರಲ್ಲ, ಟ್ರೈನ್ ಬರ್ತಿಲ್ಲ, ಜನ ಮಾತ್ರ ಬರ್ತಾನೇ ಇದಾರೆ, ಸಂಜೆ ಆರಕ್ಕೆ ನಿಮ್ಮ ಸೀರೆ ನೆರಿಗೆ ಬಿಗಿಯಾಗೋದು ಅದಕ್ಕೇ. ಸಲ್ವಾರ್ ಲಾಡಿ ಸಡಿಲ ಮಾಡ್ಕೊಂಡು ಟ್ರೈನಲ್ಲಿ ಕೂರೋ ಎಷ್ಟೋ ಹೆಣ್ಮಕ್ಕಳು ನನ್ನ ಹತ್ರ ನಗ್ತಾ ಹೇಳಿದಾರೆ, ನಗೋ ವಿಷ್ಯ ಅಲ್ಲ ಅದು.

ಬಯ್ಯೋದು ಸುಲಭ ಅಂತ ನನಗೂ ಗೊತ್ತು. ಲೋಕಲ್ ಟ್ರೈನಲ್ಲಿ ಟಾಯ್ಲೆಟ್ ಇಲ್ಲ. ಡೊಂಬಿವಲಿಯಿಂದ ಮುಂಬೈಯ ಕೊನೇ ಸ್ಟೇಷನ್ ಸಿಎಸ್‌ಎಂಟಿಗೆ ಫಾಸ್ಟ್ ಟ್ರೈನ್ ಹಿಡಿದ್ರೂ ಒಂದು ಗಂಟೆ ಮೇಲೇನೇ, ನಿಂತ್ಕೊಂಡು. ಸ್ಟೇಷನ್ನಿನ ಟಾಯ್ಲೆಟ್ಟಿನ ಬಗ್ಗೆ ನಾನು ಹೇಳೋದೇನಿದೆ. ಹಾಗಾಗಿ ನೀರು ಕುಡೀದೇ ಇರೋದನ್ನ ನಮ್ಮ ಹೆಣ್ಮಕ್ಕಳು ಒಂದು ವಿದ್ಯೆ ಥರ ಕಲ್ತುಬಿಟ್ಟಿದಾರೆ. ನಾನೂ ಮುಲುಂಡಲ್ಲಿ ಕೆಲ್ಸಕ್ಕಿದ್ದಾಗ ಅದನ್ನೇ ಮಾಡ್ತಿದ್ದೆ, ಮೂತ್ರದ ಇನ್ಫೆಕ್ಷನ್ ಎರಡ್ಸಲ ಆದ್ಮೇಲೆ ಬುದ್ಧಿ ಬಂತು.

ಅದಕ್ಕೆ ನಾನು ಹೇಳೋ ಲೆಕ್ಕ ಇದು. ಬೆಳಿಗ್ಗೆ ಎದ್ದು ಒಂದು ಲೋಟ, ಕೂತ್ಕೊಂಡು, ಕಾಫಿ ಕುಡಿದ ಹಾಗೆ ಹೀರ್ತಾ, ಹತ್ತು ನಿಮಿಷ ತಗೊಳ್ಳಿ, ಅಷ್ಟೊತ್ತಲ್ಲಿ ಕುಕ್ಕರ್ ಮೂರು ಸೀಟಿ ಹಾಕ್ಲಿ ಬಿಡಿ. ಬಾಟ್ಲಿನ ಆಫೀಸಿಗೆ ತಗೊಂಡು ಹೋಗಿ, ಟ್ರೈನಲ್ಲಿ ಮುಟ್ಟಬೇಡಿ, ಆಫೀಸಲ್ಲಿ ಟಾಯ್ಲೆಟ್ ಇದೆಯಲ್ಲ, ಅಲ್ಲಿ ಕೂತ ಕ್ಷಣದಿಂದ ಶುರು ಮಾಡಿ. ಅರ್ಧ ಗಂಟೆಗೆ ಎರಡ್ಮೂರು ಗುಟುಕು. ಊಟದ ಜೊತೆ ಬೇಕಾದಷ್ಟು ಕುಡೀರಿ, ಜೀರ್ಣರಸ ತೆಳ್ಳಗಾಗತ್ತೆ ಅನ್ನೋ ಹೆದರಿಕೆ ಬೇಡ, ಆದ್ರೆ ತುತ್ತು ಇಳಿಸೋದಕ್ಕೆ ನೀರು ಹಾಕಬೇಡಿ, ಅಗೀರಿ. ಹೊರಡೋ ಒಂದು ಗಂಟೆ ಮುಂಚೆ ನಿಲ್ಸಿ. ನಿಧಾನಕ್ಕೆ ಕುಡಿದ ನೀರಿಗೆ ಒಮ್ಮೆಲೇ ಅವಸರ ಬರೋದು ಕಮ್ಮಿ, ಮೊದ್ಲ ನಾಕು ದಿನ ನಂಬಿಕೆ ಬರಲ್ಲ, ಆಮೇಲೆ ಬರತ್ತೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಈಗಾಗ್ಲೇ ಚೆನ್ನಾಗಿ ನೀರು ಕುಡಿಯೋರಿಗೆ ಇನ್ನೂ ಎರಡು ಲೀಟರ್ ಸೇರಿಸಿದ್ರೆ ಮಲಬದ್ಧತೆಗೆ ಅಂಥಾ ಲಾಭ ಏನಿಲ್ಲ. ಇದೆಲ್ಲಾ ಕುಡೀದೇ ಇರೋರಿಗೆ. ಹಾರ್ಟ್ ವೀಕ್ ಇದೆ, ಕಿಡ್ನಿ ತೊಂದ್ರೆ ಇದೆ, ಡಾಕ್ಟ್ರು ನೀರಿಗೆ ಲೆಕ್ಕ ಕೊಟ್ಟಿದಾರೆ ಅಂದ್ರೆ ನನ್ನ ಮಾತು ಕೇಳಲೇಬೇಡಿ, ಅವರ ಲೆಕ್ಕವೇ ಲೆಕ್ಕ.

ಇನ್ನು ಸೋಡಾಪುಡಿ. ಕಲ್ಯಾಣದಿಂದ ಬರೋ ಒಬ್ರು ಕಾಕಾ ಇದಾರೆ, ಬೆಳಗಾವಿ ಕಡೆಯವ್ರು, ರಿಟೈರ್ಡು, ಬಾಯಿ ತುಂಬಾ ಮಾತು. "ಅಕ್ಕಾರ, ಲಿಂಬಿ ಹಿಂಡಿ ಸ್ವಲ್ಪ ಸೋಡಾ ಹಾಕ್ತೀನ್ರಿ, ಭುಸ್ ಅಂತ ಉಕ್ಕತೈತಿ, ಕುಡದ ಕೂಡ್ಲೆ ಒಂದು ತೇಗು ಬರತೈತಿ ನೋಡ್ರಿ, ಏನ್ ಹಗುರ ಆಗ್ತೈತಿ!" ಕಾಕಾ, ಆ ತೇಗು ಎಲ್ಲಿಂದ ಬಂತು? ನಿಂಬೆಹುಳಿಗೆ ಸೋಡಾ ಸೇರಿದ್ರೆ ಕಾರ್ಬನ್ ಡೈಆಕ್ಸೈಡ್ ಹುಟ್ಟತ್ತೆ, ಅದನ್ನೇ ಕುಡಿದ್ರಿ, ಅದನ್ನೇ ತೇಗಿದ್ರಿ. ಕರುಳಲ್ಲಿದ್ದ ಗ್ಯಾಸ್ ಅಲ್ಲೇ ಕಾಲುಚಾಚಿ ಕೂತಿದೆ. ಅರ್ಧ ಚಮಚ ಅಡುಗೆ ಸೋಡಾದಲ್ಲಿ 600 ಮಿಲಿಗ್ರಾಂ ಮೇಲೆ ಸೋಡಿಯಂ ಇದೆ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳೋದೇ 2000 ಮಿಲಿಗ್ರಾಮಿಗಿಂತ ಕಮ್ಮಿ, ಅಂದ್ರೆ ಒಂದು ಚಮಚ ಉಪ್ಪಿಗಿಂತ ಕಮ್ಮಿ. ಕಾಕಾಗೆ ಬಿಪಿ ಬೇರೆ. ಅಪರೂಪಕ್ಕೆ ಒಂದ್ಸಲ ಎದೆಯುರಿಗೆ ಅಂದ್ರೆ ಬೇರೆ ಮಾತು, ದಿನಾ ಬೇಡ.

ಕಾಲಾ ನಮಕ್ಕೂ ಉಪ್ಪೇ ಕಣ್ರೀ. ಆ ವಾಸನೆ ಗಂಧಕದ್ದು, ಒಳಗಿರೋದು ಬಹುಪಾಲು ಸೋಡಿಯಂ ಕ್ಲೋರೈಡೇ. ಉಪ್ಪು ಜಾಸ್ತಿ ಆದಷ್ಟೂ ಮೈ ನೀರು ಹಿಡ್ಕೊಳ್ಳತ್ತೆ, ಉಬ್ಬರ ಇಳಿಸೋಕೆ ಹೋಗಿ ಉಂಗುರ ಬಿಗಿಯಾಗತ್ತೆ. ನಮ್ಮ ಕರಾವಳಿಯೋರಿಗೆ ಇನ್ನೊಂದು, ಕೋಕಂ. ಊರಲ್ಲಿ ಪುನರ್ಪುಳಿ, ಮುರುಗಲು ಅಂತೀವಲ್ಲ ಅದೇ. ಇಲ್ಲಿ ಅಂಗಡೀಲಿ ಆಗಳ್ ಅಂತ ಬಾಟ್ಲಿ ಸಿಗತ್ತೆ, ಅದು ಉಪ್ಪು ಹಾಕಿಯೇ ಇಳಿಸಿದ ರಸ. ಅದಕ್ಕೆ ಮತ್ತೆ ಉಪ್ಪು ಹಾಕ್ತಾರೆ ಮಾರಾಯ್ರೆ! ಒಣಸಿಪ್ಪೆ ತಂದು ರಾತ್ರಿ ನೆನೆಹಾಕಿ, ಬಣ್ಣನೂ ಚೆನ್ನ, ಉಪ್ಪು ನಿಮ್ಮ ಕೈಲಿ. ತೆಳ್ಳಗಿನ ಮಜ್ಜಿಗೆಗೆ ಇಂಗು ಶುಂಠಿ ಹಾಕಿದ್ರೆ ಅದೂ ಆಗತ್ತೆ, ಹಾಲು ಒಗ್ಗದ ಎಷ್ಟೋ ಜನಕ್ಕೆ ಮಜ್ಜಿಗೆ ಒಗ್ಗತ್ತೆ, ಮೊಸರಿನ ಬ್ಯಾಕ್ಟೀರಿಯಾಗಳೇ ಹಾಲಿನ ಸಕ್ಕರೆನ ಸ್ವಲ್ಪ ತಿಂದಿರ್ತವೆ.

ಓಆರ್‌ಎಸ್ ಪ್ಯಾಕೆಟ್ಟು ಉಬ್ಬರಕ್ಕೆ ಕುಡಿಯೋರೂ ಇದಾರೆ. ಅದು ಭೇದಿಗೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನೋಬಿಸ್ ಸಲೈನ್ ಸಾಲದೆ ಉಪ್ಪು ಸಕ್ಕರೆ ನೀರು ಕುಡಿಸಿ ಜನರನ್ನ ಉಳಿಸಿದ್ರು, ಅಂಥಾ ದೊಡ್ಡ ವಸ್ತು ಅದು, ಖಾರದ ಕಾಳಿನ ಮಿಸಳ್ ತಿಂದು ಹೊಟ್ಟೆ ಬಿಗಿಯಾದ್ದಕ್ಕಲ್ಲ. ಒಂದು ಲೀಟರಿಗೆ ಅಂತ ಇರೋ ಪ್ಯಾಕೆಟ್ಟನ್ನ ಒಂದು ಗ್ಲಾಸಿಗೆ ಸುರಿಯೋದಂತೂ ಅಪಾಯ.

ಊಟದ ಬಗ್ಗೆ ಬರೆದ್ರೆ ಇನ್ನೊಂದು ಅಂಕಣ ಆಗತ್ತೆ. ಊರಲ್ಲಿ ಕುಚ್ಚಲಕ್ಕಿ ಗಂಜಿ ಉಣ್ತಿದ್ದೋರು ಇಲ್ಲಿ ಬೆಳಿಗ್ಗೆ ಪಾವ್, ಮಧ್ಯಾಹ್ನ ಚಪಾತಿ, ರಾತ್ರಿ ಚಪಾತಿ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಲಿ ಫ್ರಕ್ಟಾನ್ ಅಂತ ಜೀರ್ಣವಾಗದ ಒಂದು ನಾರಿನಂಥ ಪದಾರ್ಥ ಇದೆ, ಅದು ಕೆಲವ್ರಿಗೆ ಗ್ಯಾಸ್ ಮಾಡತ್ತೆ. ಎಲ್ಲರಿಗೂ ಅಲ್ಲ! ನಾಳೆಯಿಂದ ಚಪಾತಿ ಬಿಟ್ಟೆ ಅಂತ ಫೋನ್ ಮಾಡಬೇಡಿ. ರಾತ್ರಿ ಒಂದು ಹೊತ್ತು ಅನ್ನ ತಿಳಿಸಾರು ಉಂಡು ಎರಡು ವಾರ ನೋಡಿ.

ಈಗ ನಗು ಬಿಟ್ಟು ಒಂದು ವಿಷ್ಯ. ಐವತ್ತು ದಾಟಿದ ಒಬ್ರು, ಮಾಟುಂಗಾ ಕಡೆಯವ್ರು, ಆರು ತಿಂಗ್ಳು ಜೀರಿಗೆ ನೀರು ಕುಡಿದು ಆಮೇಲೆ ನನ್ನ ಹತ್ರ ಬಂದ್ರು. ಎರಡು ತುತ್ತಿಗೆ ಹೊಟ್ಟೆ ತುಂಬತ್ತೆ, ಉಬ್ಬರ ಬೆಳಿಗ್ಗೆನೂ ಇಳಿಯಲ್ಲ, ತೂಕ ಇಳೀತಿದೆ ಅಂದ್ರು. ನಾನು ಡಯಟ್ ಚಾರ್ಟ್ ಬರೀಲಿಲ್ಲ, ಅವತ್ತೇ ಹೆಂಗಸರ ಡಾಕ್ಟ್ರ ಹತ್ರ ಕಳಿಸ್ದೆ. ಅಂಡಾಶಯದ್ದಿತ್ತು. ಟ್ರೀಟ್‌ಮೆಂಟ್ ನಡೀತಿದೆ. ತಿಂಗಳಲ್ಲಿ 12 ಸಲಕ್ಕಿಂತ ಜಾಸ್ತಿ ಹೊಟ್ಟೆ ಉಬ್ಬತ್ತೆ ಅಂದ್ರೆ, ಅದೂ 50 ದಾಟಿದ ಹೆಂಗಸ್ರಿಗೆ, ಅಂಡಾಶಯದ ಕ್ಯಾನ್ಸರಿಗೆ ಪರೀಕ್ಷೆ ಮಾಡ್ಲೇಬೇಕು ಅಂತ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಲಿದೆ. ಮಲದಲ್ಲಿ ರಕ್ತ, ವಾಂತಿ, ಗಾಳಿಯೇ ಹೊರಗೆ ಹೋಗ್ತಿಲ್ಲ ಅನ್ನೋ ನೋವು, ಇದ್ಯಾವುದಕ್ಕೂ ಲೋಟ ಹಿಡೀಬೇಡಿ. ಎದೆ ಒತ್ತಿದ ಹಾಗಾಗಿ ಬೆವರು ಬಂದ್ರೆ "ಗ್ಯಾಸ್ ಇರ್ಬೇಕು" ಅಂತ ಮಲಗಬೇಡಿ, ಆಸ್ಪತ್ರೆಗೆ ಓಡಿ.

ಬ್ಯಾಂಕ್ ಮೇಡಂ ಮೂರು ವಾರ ಬಿಟ್ಟು ಬಂದ್ರು. ಬಾಟ್ಲಿ ಅದೇ, ಒಳಗೆ ಬರೀ ಜೀರಿಗೆ, ಹೊರಗೆ ನೈಲ್ ಪಾಲಿಷಲ್ಲಿ ನಾಕು ಗೆರೆ. ಹನ್ನೊಂದು ಗಂಟೆಗೆ ಮೊದ್ಲ ಗೆರೆ, ಊಟದ ಹೊತ್ತಿಗೆ ಎರಡ್ನೇದು, ಹೀಗೆ. ಉಬ್ಬರ ಹೇಗಿದೆ ಅಂದೆ. "ಪರವಾಗಿಲ್ಲ ಮೇಡಂ, ಅರ್ಧಕ್ಕರ್ಧ ಕಮ್ಮಿ" ಅಂದ್ರು. ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತ್ರು. "ಇದಕ್ಕೆ ಸ್ವಲ್ಪ ದಾಲ್ಚಿನ್ನಿ ಹಾಕ್ಲಾ?"