ಜಾರುವ ಚಿತ್ರಗಳೂ ಬಾರದ ಹಣವೂ

ಮಂಡ್ಯ ಜಿಲ್ಲೆಯ ಒಂದು ಸಣ್ಣ ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಮುಖ್ಯೋಪಾಧ್ಯಾಯರು, ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಕಚೇರಿಗೆ ಬಂದಾಗ ಅವರ ಕೈಯಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರ ತುಂಬ ಫೋಟೊಗಳು. ದೀಪ ಬೆಳಗುತ್ತಿರುವುದು, ಹಾರ ಹಾಕುತ್ತಿರುವುದು, ಹೊಲಿಗೆ ಯಂತ್ರ ಹಂಚುತ್ತಿರುವುದು. “ನೋಡಮ್ಮ, ಪುಟ ತೆರೆದ ಕೂಡಲೇ ಇವು ಒಂದರ ಹಿಂದೆ ಒಂದು ಜಾರುತ್ತಾ ಬರಬೇಕು” ಎಂದರು.

“ಮೇಷ್ಟ್ರೇ, ಈ ಪುಟವನ್ನು ಯಾರು ತೆರೆಯುತ್ತಾರೆ?” ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿ “ದಾನಿಗಳು” ಎಂದರು. ಆಮೇಲೆ “ನಾವೂ ತೆರೆಯುತ್ತೇವೆ” ಎಂದು ಸೇರಿಸಿದರು.

ಸ್ವಯಂಸೇವಾ ಸಂಸ್ಥೆಗಳಿಗೆ ಜಾಲತಾಣ ಕಟ್ಟಿಕೊಡುವ ನನಗೆ ಈ ಉತ್ತರ ಹೊಸದಲ್ಲ. ಹೆಚ್ಚಿನ ಸಂಸ್ಥೆಗಳ ಜಾಲತಾಣ ದಾನಿಯ ಕಡೆಗೆ ಮುಖ ಮಾಡಿಕೊಂಡಿರುತ್ತದೆ. ಸಂಸ್ಥೆ ಯಾರಿಗಾಗಿ ಹುಟ್ಟಿತೋ ಅವರಿಗೆ ಕಾಣುವುದು ಅದರ ಬೆನ್ನು ಮಾತ್ರ. ದಾನಿ ಬೇಡವೆಂದು ನಾನು ಹೇಳುತ್ತಿಲ್ಲ, ನನ್ನ ಸಂಭಾವನೆಯೂ ಅವರಿಂದಲೇ ಬರುತ್ತದೆ. ಆದರೆ ಮದ್ದೂರು ತಾಲ್ಲೂಕಿನ ಹೆಂಗಸೊಬ್ಬರು ಮಗನ ಮೊಬೈಲಿನಲ್ಲಿ ಆ ಪುಟ ತೆರೆದರೆ ಅವರಿಗೆ ಅಲ್ಲೇನು ಸಿಗುತ್ತದೆ?

ಟ್ರಸ್ಟಿಗೆ ಹಳೆಯ ಜಾಲತಾಣವೊಂದು ಇತ್ತು. ಅದರ ವಿಳಾಸವನ್ನು ನೋಂದಾಯಿಸಿದ ಹುಡುಗ ತನ್ನ ಸ್ವಂತ ಇಮೇಲ್ ಕೊಟ್ಟಿದ್ದ. ಅವನಿಗೆ ಕೆಲಸ ಸಿಕ್ಕಿತು, ಊರು ಬಿಟ್ಟ. ನವೀಕರಣಕ್ಕೆ ಹಣ ಕಟ್ಟಿ ಎಂಬ ಸೂಚನೆಗಳೆಲ್ಲ ಅವನು ತೆರೆಯದ ಆ ಇಮೇಲಿಗೇ ಹೋದವು. ವಿಳಾಸ ಕೈತಪ್ಪಿತು, ಯಾರೋ ಕೊಂಡರು. ಈಗ ಅದನ್ನು ಒತ್ತಿದರೆ ಆನ್‌ಲೈನ್ ಜೂಜಿನ ಪುಟ ತೆರೆಯುತ್ತದೆ. ಲೆಟರ್‌ಹೆಡ್ಡಿನಲ್ಲಿ ಮಾತ್ರ ಇನ್ನೂ ಅದೇ ವಿಳಾಸ. ಇಂಥದ್ದು ಇವರೊಬ್ಬರಿಗೇ ಆದದ್ದಲ್ಲ. ಹೊಸ ಸಂಸ್ಥೆಯವರು ಬಂದಾಗ ವಿನ್ಯಾಸದ ಮಾತಿಗೆ ಮೊದಲು ನಾನು ಕೇಳುವುದು, ವಿಳಾಸ ಯಾರ ಹೆಸರಿನಲ್ಲಿದೆ ಎಂದು.

ಆ ತಾಣದಲ್ಲಿದ್ದ ಕನ್ನಡದ್ದು ಇನ್ನೊಂದು ಪಾಡು. ವಾರ್ಷಿಕ ವರದಿಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಆ ಬರಹ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಗೂಗಲ್‌ಗೆ ಅದು ಕನ್ನಡವೇ ಅಲ್ಲ. ‘ವಿಧವಾ ವೇತನ’ ಎಂದು ಹುಡುಕಿದವರಿಗೆ ಟ್ರಸ್ಟಿನ ಪುಟ ಎಂದೂ ಸಿಕ್ಕಿರಲಾರದು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಗೂ ಅದನ್ನು ಓದಲು ಬರುವುದಿಲ್ಲ. ವರದಿಗಳನ್ನು ಯುನಿಕೋಡ್‌ಗೆ ತಂದು ಒತ್ತಕ್ಷರಗಳನ್ನು ತಿದ್ದುವುದರಲ್ಲೇ ನಮಗೆ ಎರಡು ವಾರ ಹೋಯಿತು.

ಇಷ್ಟರ ನಡುವೆ ನನ್ನ ಕಣ್ಣಿಗೆ ಬಿದ್ದದ್ದು ಟ್ರಸ್ಟಿನ ಕಾರ್ಯಕರ್ತೆಯರ ನೋಟ್‌ಬುಕ್ಕುಗಳು. ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ, 2023ರ ಆಗಸ್ಟ್ 30ರಂದು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ. “ಪಕ್ಕದ ಮನೆಯವಳಿಗೆ ಬಂದಿದೆ, ನನಗೆ ಬಂದಿಲ್ಲ ಕಣವ್ವ” ಎನ್ನುವ ದೂರು ಊರೂರಲ್ಲಿ ಕೇಳಿಬಂದಿತ್ತು. ಕಾರ್ಯಕರ್ತೆಯರು ಹೆಸರು ಬರೆದುಕೊಳ್ಳುವುದು, ಒಬ್ಬೊಬ್ಬರಿಗೂ ಅರ್ಜಿ ಬರೆದುಕೊಡುವುದು, ಆ ಹೆಂಗಸರು ಬಸ್ಸಿನ ಹೊತ್ತು ನೋಡಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವುದು. ಅರ್ಜಿಗಳೆಲ್ಲದರ ಒಕ್ಕಣೆಯೂ ಒಂದೇ: ಹಣ ಬಂದಿಲ್ಲ, ದಯವಿಟ್ಟು ಕೊಡಿಸಿ.

ಜಾಲತಾಣದ ಕೆಲಸ ಬದಿಗಿಟ್ಟು ಮೊದಲು ಮೊಬೈಲಿನಲ್ಲಿ ತುಂಬುವ ಒಂದು ನಮೂನೆ ಮಾಡಿದೆವು. ಅದಕ್ಕೆ ಬಳಸಿದ್ದು ಕೋಬೋಟೂಲ್‌ಬಾಕ್ಸ್. ನಮ್ಮಂಥ ಸಂಸ್ಥೆಗಳಿಗೆ ಅದು ಉಚಿತವಾಗಿ ಸಿಗುತ್ತದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿಯೂ ತುಂಬಿಟ್ಟುಕೊಂಡು ಸಿಗ್ನಲ್ ಸಿಕ್ಕ ಕಡೆ ಕಳುಹಿಸಬಹುದು. ಟ್ರಸ್ಟಿನವರು ಕೊಟ್ಟ ಪ್ರಶ್ನೆಪಟ್ಟಿಯಲ್ಲಿ ಶೌಚಾಲಯ ಇದೆಯೇ, ಟಿ.ವಿ. ಇದೆಯೇ, ದನ ಎಷ್ಟು ಎಂಬುದೆಲ್ಲ ಇತ್ತು. ಮುಂದೆ ಯಾವುದಾದರೂ ಯೋಜನಾ ಪ್ರಸ್ತಾವಕ್ಕೆ ಬೇಕಾದೀತು ಎಂಬ ದೂರಾಲೋಚನೆ! ಎಲ್ಲವನ್ನೂ ಹೊಡೆದುಹಾಕಿ ಏಳು ಪ್ರಶ್ನೆ ಉಳಿಸಿದೆ. ಆಧಾರ್ ಸಂಖ್ಯೆಯನ್ನು ಕೇಳಲೇಬಾರದು ಎಂದೆ. ಕೇಳಬೇಕಾದದ್ದು ಇಂಥವು: ಕಂತು ಒಮ್ಮೆಯಾದರೂ ಬಂದಿತ್ತೇ? ಎಲ್ಲೆಲ್ಲಿ ಖಾತೆಗಳಿವೆ? ಕೊನೆಗೆ ತೆರೆದ ಖಾತೆ ಯಾವುದು, ಯಾವಾಗ?

ಗುಟ್ಟು ಆ ಕೊನೆಯ ಪ್ರಶ್ನೆಯಲ್ಲಿತ್ತು. ಆಧಾರ್ ಮೂಲಕ ಬರುವ ಸರ್ಕಾರದ ಹಣ ಖಾತೆ ಸಂಖ್ಯೆಯನ್ನು ನೋಡಿಕೊಂಡು ಬರುವುದಿಲ್ಲ. ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬ ಒಂದು ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಬಳಿ ಇರುತ್ತದೆ, ಅಲ್ಲಿ ಕಡೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ಸಂಘದ ಸಾಲಕ್ಕೆಂದೋ ಹೊಸ ಸಿಮ್ ಕೊಳ್ಳುವಾಗಲೋ ಹೆಬ್ಬೆಟ್ಟು ಒತ್ತಿ ತೆರೆದ ಖಾತೆಯೊಂದು ಮನೆಯವರ ನೆನಪಿನಲ್ಲೇ ಇರುವುದಿಲ್ಲ. ಹಣ ಅಲ್ಲಿ ಬಂದು ಬೀಳುತ್ತಿರುತ್ತದೆ. ಇವರು ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿನಲ್ಲಿ ಸರತಿ ನಿಂತಿರುತ್ತಾರೆ.

ಕೋಷ್ಟಕವನ್ನು ಹರಡಿಕೊಂಡು ಕುಳಿತಾಗ ಒಂದೇ ಬಗೆಯ ದೂರು ಎಂದುಕೊಂಡದ್ದು ಮೂರು ರಾಶಿಯಾಯಿತು. ಮೊದಲನೆಯದು ಬೇರೆ ಖಾತೆಗೆ ಹೋದ ಹಣ. ಇದಕ್ಕೆ ತಾಲ್ಲೂಕು ಕೇಂದ್ರದ ಅಲೆದಾಟವೇ ಬೇಡ. ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಅರ್ಜಿ ಕೊಟ್ಟರೆ ಮುಂದಿನ ಕಂತು ಬೇಕಾದ ಕಡೆಗೆ ಬರುತ್ತದೆ, ಹಿಂದಿನದು ಮರೆತ ಖಾತೆಯಲ್ಲೇ ಸಿಗುತ್ತದೆ. ಎರಡನೆಯದು ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಅತ್ತೆಯದೋ ಸೊಸೆಯದೋ ಎಂಬ ಗೊಂದಲ. ಅದು ಆಹಾರ ಇಲಾಖೆಯ ಕೆಲಸ (ಮನೆಯೊಳಗಿನ ಕೆಲಸವೂ ಹೌದು, ಅದಕ್ಕೆ ನಮ್ಮಲ್ಲಿ ಆ್ಯಪ್ ಇಲ್ಲ). ಮೂರನೆಯದು ಗಂಡ ತೆರಿಗೆ ಕಟ್ಟುವವನು ಎಂದು ದಾಖಲೆಯಲ್ಲಿ ತಪ್ಪಾಗಿ ಕಂಡದ್ದರಿಂದ ಹಣ ನಿಂತವರು. ಇವರಿಗಷ್ಟೇ ನಿಜವಾಗಿ ಇಲಾಖೆಗೆ ಅರ್ಜಿ ಬೇಕಿತ್ತು. ಇವರದೆಲ್ಲ ಸೇರಿಸಿ ಒಂದೇ ಪತ್ರ ಬರೆದೆವು, ಪಟ್ಟಿ ಲಗತ್ತಿಸಿ. ಪಟ್ಟಿ ನೋಡಿದ ಅಧಿಕಾರಿ ಮೇಷ್ಟ್ರಿಗೆ ಕುರ್ಚಿ ಕೊಟ್ಟರಂತೆ. ಅದನ್ನು ಅವರು ನನಗೆ ಎರಡು ಸಲ ಹೇಳಿದರು.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೆಲಸ ಇಲ್ಲಿ ನನಗೆ ನೆನಪಾಗುತ್ತದೆ. 1994ರಿಂದ ಅವರು ಜನಸುನ್ವಾಯಿ ಎಂಬ ಬಹಿರಂಗ ವಿಚಾರಣೆಗಳಲ್ಲಿ ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಊರ ಜನರೆದುರು ಗಟ್ಟಿಯಾಗಿ ಓದಿದರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಹಾಗೆ ಹೊರಬಿತ್ತು. ಆ ಹೋರಾಟ 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರುಗಳಲ್ಲೊಂದು. ಪಡಿತರ, ಪಿಂಚಣಿ, ಉದ್ಯೋಗ ಖಾತರಿಯ ವಿವರಗಳನ್ನು ಯಾರೂ ಕೇಳದೆಯೇ ತೆರೆದಿಡುವ ಜನ್ ಸೂಚನಾ ಪೋರ್ಟಲ್ ಅಲ್ಲಿ ಶುರುವಾದದ್ದು 2019ರಲ್ಲಿ. ಪಟ್ಟಿ ಓದುವ ರೂಢಿ ಬೆಳೆದು ಕಾಲು ಶತಮಾನವಾದ ಮೇಲೆ ಜಾಲತಾಣ ಬಂತು. ನಮ್ಮಲ್ಲಿ ಅನೇಕರು ಮೊದಲು ಜಾಲತಾಣ ಮಾಡಿಸಿ ಆಮೇಲೆ ಅದರೊಳಗೆ ಹಾಕಲು ಏನಾದರೂ ಹುಡುಕುತ್ತಾರೆ.

ನನ್ನದೂ ಒಂದು ತಪ್ಪು ಇದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಸಂಸ್ಥೆಗೆ ‘ದೂರು ಸಲ್ಲಿಸಿ’ ಎಂಬ ಚಂದದ ಗುಂಡಿಯೊಂದನ್ನು ಮಾಡಿಕೊಟ್ಟಿದ್ದೆ. ಅದಕ್ಕೆ ಬಂದದ್ದನ್ನು ಯಾರು ಓದಬೇಕೆಂದು ಅವರೂ ಗೊತ್ತು ಮಾಡಲಿಲ್ಲ, ನಾನೂ ಕೇಳಲಿಲ್ಲ. ಮೂರು ತಿಂಗಳ ಮೇಲೆ ನೋಡಿದರೆ ಪೆಟ್ಟಿಗೆ ತುಂಬಿತ್ತು. ಅದರಲ್ಲೊಬ್ಬ ಹೆಂಗಸು ಒಂದೇ ಮಾತನ್ನು ನಾಲ್ಕು ಸಲ ಬರೆದಿದ್ದರು. ಅಂದಿನಿಂದ ಉತ್ತರಿಸುವವರ ಹೆಸರೂ ಹೊತ್ತೂ ಗೊತ್ತಾಗದೆ ನಾನು ಗುಂಡಿ ಹಾಕುವುದಿಲ್ಲ.

ಈ ಸಲ ಬರೆಯುವ ಗುಂಡಿಯೇ ಬೇಡವೆನಿಸಿತು. ಟ್ರಸ್ಟಿನ ಹಿರಿಯ ಹೆಂಗಸರಲ್ಲಿ ಹಲವರಿಗೆ ಓದು ಬಾರದು, ಮಾತು ಮಾತ್ರ ಯಥೇಚ್ಛ. ಛತ್ತೀಸ್‌ಗಢದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಇದೇ ದಾರಿ ಹಿಡಿದಿತ್ತು. ಸಾಧಾರಣ ಫೋನಿನಿಂದ ಕರೆ ಮಾಡಿ ತಮ್ಮ ಗೊಂಡಿಯಲ್ಲೋ ಹಿಂದಿಯಲ್ಲೋ ಊರಿನ ಸುದ್ದಿ ಹೇಳಬಹುದು, ಬೇರೆಯವರದನ್ನು ಕೇಳಬಹುದು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರು ನಮ್ಮದು, ಧ್ವನಿಯ ಬೆಲೆಯನ್ನು ನಮಗೆ ಇನ್ನೊಬ್ಬರು ಹೇಳಿಕೊಡಬೇಕಿಲ್ಲ. ಪುಟದ ನೆತ್ತಿಯಲ್ಲಿ ಒಂದು ಫೋನ್ ಸಂಖ್ಯೆ ಇಟ್ಟೆವು, ಒತ್ತಿದರೆ ಕರೆ ಹೋಗುತ್ತದೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಾರ್ಯಕರ್ತೆಯೊಬ್ಬರು ಎತ್ತುತ್ತಾರೆ. ಉಳಿದ ಹೊತ್ತಿನಲ್ಲಿ ವಾಟ್ಸ್ಆ್ಯಪ್‌ಗೆ ಧ್ವನಿ ಸಂದೇಶ.

ಪೆನ್‌ಡ್ರೈವಿನ ಫೋಟೊಗಳಿಗೆ ಬಂದಾಗ ಮೇಷ್ಟ್ರಿಗೂ ನನಗೂ ಜಗಳವೇ ಆಯಿತು. ಟ್ರಸ್ಟು ಬಾಲ್ಯವಿವಾಹದಿಂದ ಪಾರುಮಾಡಿದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರ ಅವರಿಗೆ ಅಚ್ಚುಮೆಚ್ಚು. ಹೆಸರು ಹಾಕುವುದಿಲ್ಲವಲ್ಲ ಎಂಬುದು ಅವರ ವಾದ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ರಕ್ಷಣೆ ಬೇಕಾದ ಮಗುವಿನ ಗುರುತು ಸಿಗುವಂಥ ಚಿತ್ರ, ಶಾಲೆ, ವಿಳಾಸ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ, ಮದುವೆಯ ಅಪಾಯದಲ್ಲಿರುವ ಮಗುವೂ ಅದರಲ್ಲಿ ಸೇರಿದೆ. ಕಾಯ್ದೆ ಹಾಗಿರಲಿ, ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಅಡಗಿರಬಹುದು. ಮೂಲ ಕಡತವನ್ನು ಹಾಗೆಯೇ ಏರಿಸಿದರೆ ಮನೆಯ ಬಾಗಿಲನ್ನು ತೋರಿಸಿದಂತೆ. ಒಂದು ಚಿತ್ರದ ವಿವರ ತೆರೆದು, ನಕ್ಷೆಯ ಮೇಲೆ ಆ ಬೀದಿಯನ್ನೇ ತೋರಿಸಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಅಳಿಸಿಬಿಡಮ್ಮ” ಎಂದರು.

ದೇಣಿಗೆಯ ಗುಂಡಿಯನ್ನೂ ಹಾಕಿದೆವು, ಅದರಲ್ಲಿ ಹೇಳುವಂಥದ್ದು ಒಂದೇ. ಮೈಸೂರು, ಮಂಡ್ಯದ ಮಕ್ಕಳು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ಅವರು ಭಾರತದ ಪೌರರಾಗಿಯೇ ಉಳಿದಿದ್ದರೆ ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿಯಿಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಹಣ ಕಟ್ಟುವ ಪುಟದಲ್ಲಿ ಹೊರದೇಶದ ಕಾರ್ಡುಗಳನ್ನು ಮುಚ್ಚಿಸಿ, ಪೌರತ್ವದ ಪ್ರಶ್ನೆ ಸೇರಿಸಿದೆವು. ಮೇಷ್ಟ್ರ ಸ್ವಂತ ಅಳಿಯನೇ ಮೊದಲು ಸಿಕ್ಕಿಬಿದ್ದ.

ಪುಟ ಈಗ ನಡೆಯುತ್ತಿದೆ. ಮೇಲೆ ಫೋನ್ ಸಂಖ್ಯೆ, ಅದರ ಕೆಳಗೆ ‘ಹಣ ಬಂದಿಲ್ಲವೇ? ಮೊದಲು ಇದನ್ನು ನೋಡಿ’ ಎಂಬ ಬರಹ, ಅದನ್ನೇ ಓದಿ ಹೇಳುವ ಕಾರ್ಯಕರ್ತೆಯ ದನಿ. ದೀಪ ಬೆಳಗುವ ಚಿತ್ರಗಳು ನಾಲ್ಕನೆಯ ಪುಟದಲ್ಲಿವೆ, ಜಾರುವುದಿಲ್ಲ. ವಿಳಾಸ ಟ್ರಸ್ಟಿನ ಹೆಸರಿನಲ್ಲಿದೆ, ನವೀಕರಣದ ದಿನಾಂಕ ಮೇಷ್ಟ್ರ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿದೆ. ಲೆಟರ್‌ಹೆಡ್ ಮಾತ್ರ ಬದಲಾಗಿಲ್ಲ. ಹಳೆಯ ಹಾಳೆಗಳು ಇನ್ನೂ ಒಂದು ಕಟ್ಟು ಉಳಿದಿವೆಯಂತೆ, ಸುಮ್ಮನೆ ಹಾಳುಮಾಡುವುದೇಕೆ ಎನ್ನುತ್ತಾರೆ.